ಹೋಪಿ ಗೊಂಬೆ ಕೊಳ್ಳುವ ಮೊದಲು ಬುಡ ನೋಡಿ

ಗೊಂಬೆ ಕೈಗೆ ಸಿಕ್ಕ ಕೂಡಲೇ ಅದರ ಮುಖ ನೋಡುತ್ತ ನಿಲ್ಲಬೇಡಿ, ತಲೆಕೆಳಗು ಮಾಡಿ ಬುಡ ನೋಡಿ. ಈ ಮಾತನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಅರವತ್ತು ಡಾಲರ್ ಉಳಿಯುತ್ತಿತ್ತು. ಅರಿಜೋನಾಕ್ಕೆ ಬಂದ ಹೊಸತರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿಕೊಂಡು ಹಿಂತಿರುಗುವಾಗ ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ ‘ಕಚಿನಾ ಡಾಲ್’ ಎಂಬ ಚೀಟಿ ಇದ್ದ ಗೊಂಬೆ ಕೊಂಡೆ. ಒಂದಡಿ ಎತ್ತರ, ಕಾಲಿಗೆ ಮೊಲದ ತುಪ್ಪಳ, ತಲೆಯ ಮೇಲೆ ಕಡುಗೆಂಪು ಗರಿಗಳ ಕುಚ್ಚು, ಕೈಯಲ್ಲಿ ತೊಗಲಿನ ಪುಟ್ಟ ಗುರಾಣಿ. ಬುಡಕ್ಕೆ ಹಸಿರು ಫೆಲ್ಟ್ ಬಟ್ಟೆ ಅಂಟಿಸಿದ್ದರು. ಎರಡು ವರ್ಷವಾದ ಮೇಲೆ ಆ ಬಟ್ಟೆಯ ಅಂಟು ಬಿಟ್ಟಿತು. ಒಳಗೆ ಮಾಡಿದವರ ಹೆಸರಿಲ್ಲ, ಊರಿಲ್ಲ. ಪೆನ್ಸಿಲಿನಲ್ಲಿ ಗೀಚಿದ ಒಂದು ಸ್ಟಾಕ್ ನಂಬರು, ಅಷ್ಟೇ.

ಆಮೇಲೆ, ಈ ಗೊಂಬೆಗಳು ಮೂಲದಲ್ಲಿ ಯಾರವೋ ಆ ಹೋಪಿ ಎಂಬ ಮೂಲನಿವಾಸಿಗಳ ಊರುಗಳಿಗೆ ನಾಲ್ಕೈದು ಸಲ ಹೋಗಿಬಂದೆ. ಫೀನಿಕ್ಸಿನ ಹರ್ಡ್ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಗಳ ಮುಂದೆ ಅರ್ಧರ್ಧ ದಿನ ನಿಂತೆ. ಇನ್ನೂ ಮೂರು ಗೊಂಬೆ ಕೊಂಡೆ. ಈಗ ಇಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಊರಿಗೆ ಹೋಗುವ ಮುಂಚೆ ಫೋನ್ ಮಾಡುತ್ತಾರೆ: ‘ಅಕ್ಕಾ, ಅಮ್ಮನಿಗೆ ಒಂದು ಕಚಿನಾ ತಗೊಂಡು ಹೋಗೋಣ ಅಂತ. ಯಾವುದು ಚೆನ್ನಾಗಿರುತ್ತೆ?’ ಎಲ್ಲರಿಗೂ ಅದೇ ಕಥೆ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿಡುತ್ತಿದ್ದೇನೆ.

ಇದು ಆಟಿಕೆಯೂ ಅಲ್ಲ, ವಿಗ್ರಹವೂ ಅಲ್ಲ

ಅರಿಜೋನಾದ ಈಶಾನ್ಯ ಭಾಗದಲ್ಲಿ, ಸುತ್ತಲೂ ನವಾಹೊ ಎಂಬ ಇನ್ನೊಂದು ಬುಡಕಟ್ಟಿನ ಸೀಮೆ ಆವರಿಸಿಕೊಂಡಿರುವ ಕಡೆ ಹೋಪಿಗಳ ನೆಲ ಇದೆ. ಮೆಸಾ ಅಂದರೆ ತಲೆ ಕತ್ತರಿಸಿಟ್ಟಂತೆ ಚಪ್ಪಟೆಯಾಗಿರುವ ಗುಡ್ಡ. ಅಂಥ ಮೂರು ಮೆಸಾಗಳ ನೆತ್ತಿಯಲ್ಲೂ ಬುಡದಲ್ಲೂ ಅವರ ಊರುಗಳು. ಮೂರನೆಯ ಮೆಸಾದ ಓರೈಬಿಯಲ್ಲಿ 12ನೇ ಶತಮಾನದಿಂದ ಈಚೆಗೆ ಒಲೆ ಆರಿದ್ದೇ ಇಲ್ಲ, ಅಷ್ಟು ಹಳೆಯ ಊರು. ಹೊಳೆ ಇಲ್ಲ, ಕಾಲುವೆ ಇಲ್ಲ, ಮರಳು ನೆಲದಲ್ಲಿ ಆಳಕ್ಕೆ ಕಾಳು ಊರಿ ಆಕಾಶ ನೋಡುತ್ತ ಮುಸುಕಿನ ಜೋಳ ಬೆಳೆಯುವವರು. ನಮ್ಮ ಬಯಲುಸೀಮೆಯ ರೈತರಿಗೆ ಇವರ ಆತಂಕ ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಸಿನಾಗಳು (ಅಂಗಡಿ ಚೀಟಿಯ ‘ಕಚಿನಾ’ ಇದೇ) ಈ ಜನಕ್ಕೆ ಮಳೆ ತರುವ, ಬೆಳೆ ಕಾಯುವ ಶಕ್ತಿಗಳು. ಚಳಿಗಾಲದ ಅಯನದ ಹೊತ್ತಿಗೆ ಊರಿಗೆ ಬಂದು, ಫೆಬ್ರುವರಿಯ ಅವರೆಮೊಳಕೆಯ ಹಬ್ಬ, ವಸಂತದ ಕುಣಿತಗಳು ಎಲ್ಲ ಮುಗಿಸಿ, ಜುಲೈನಲ್ಲಿ ನಿಮಾನ್ ಎಂಬ ಬೀಳ್ಕೊಡುಗೆಯ ಕುಣಿತವಾದ ಮೇಲೆ ಫ್ಲ್ಯಾಗ್‌ಸ್ಟಾಫ್ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಿಗೆ ಹಿಂತಿರುಗುತ್ತವೆ. ಚೌಕದಲ್ಲಿ ಕುಣಿಯುವಾಗ ಅಲ್ಲಿರುವುದು ಕಟ್ಸಿನಾ, ವೇಷ ಹಾಕಿದ ಮನುಷ್ಯನಲ್ಲ. ತುಳುನಾಡಿನಲ್ಲಿ ಅಣಿ ಕಟ್ಟಿ ಗಗ್ಗರ ತೊಟ್ಟು ನಿಂತವರನ್ನು ನಾವು ಹೆಸರು ಹಿಡಿದು ಕೂಗುತ್ತೇವೆಯೇ? ಹಾಗೆ ಅಂದುಕೊಳ್ಳಿ. ಹೋಲಿಕೆ ಅಲ್ಲಿಗೇ ನಿಲ್ಲಲಿ, ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ.

ಈ ಕುಣಿತಗಳಲ್ಲಿ ಕಟ್ಸಿನಾಗಳು ಹೆಣ್ಣುಮಕ್ಕಳ ಕೈಗೆ ಕೊಡುವ ಗೊಂಬೆಯೇ ‘ತಿಹು’. ಕಾಟನ್‌ವುಡ್ ಮರದ ಬೇರಿನಲ್ಲಿ ಕೆತ್ತಿ ಬಣ್ಣ ಕಟ್ಟಿದ್ದು. ಮಗು ಅದನ್ನು ಮನೆಗೆ ತಂದರೆ ಗೋಡೆಗೋ ತೊಲೆಗೋ ತೂಗುಹಾಕುತ್ತಾರೆ. ದಿನಾ ಕಣ್ಣಿಗೆ ಬಿದ್ದು ಮಗುವಿಗೆ ಆ ಕಟ್ಸಿನಾದ ಗುರುತು ಹತ್ತುತ್ತದೆ. ಯಾರೂ ಅದಕ್ಕೆ ಪೂಜೆ ಮಾಡುವುದಿಲ್ಲ. ನಮ್ಮಲ್ಲಿ ಮದುಮಗಳ ಜೊತೆ ಪಟ್ಟದ ಬೊಂಬೆ ಕಳಿಸುತ್ತಾರಲ್ಲ, ಅದು ದೇವರೂ ಅಲ್ಲ, ಆಟದ ಸಾಮಾನೂ ಅಲ್ಲ. ತಿಹುವಿನ ಜಾಗವೂ ಹೆಚ್ಚುಕಡಿಮೆ ಅಂಥದ್ದೇ. ಹೋಪಿ ಭಾಷೆಯಲ್ಲಿ ‘ಚ’ ಅನ್ನುವ ಉಚ್ಚಾರವೇ ಇಲ್ಲ, ‘ಕಚಿನಾ’ ಹೊರಗಿನವರ ಬಾಯಲ್ಲಿ ಆದ ರೂಪ. ಅಂಗಡಿಯಲ್ಲಿ ‘ಕಟ್ಸಿನಾ’ ಅಂತ ಕೇಳಿ ನೋಡಿ, ಮಾರುವವರು ನಿಮ್ಮೊಂದಿಗೆ ಮಾತಾಡುವ ಧಾಟಿ ಬದಲಾಗುತ್ತದೆ.

ಕೊಳ್ಳಲು ಕೊಡುವ ಗೊಂಬೆಗಳನ್ನು ಮಾರಾಟಕ್ಕೆಂದೇ ಕೆತ್ತಿರುತ್ತಾರೆ. ಮಗುವಿಗೆ ಬಂದದ್ದನ್ನು ಕಿತ್ತು ತಂದೆವೋ ಎಂಬ ಅಳುಕು ಬೇಡ.

ನಾಲ್ಕು ರೂಪ, ಒಂದೇ ಬೇರು

ಮೊದಲನೆಯದು ಚಪ್ಪಟೆ ಗೊಂಬೆ. ಅಂಗೈಯಷ್ಟಗಲದ ಹಲಗೆಯಂಥ ತುಂಡು, ಕೈಕಾಲಿಲ್ಲ, ಮುಖ ಮಾತ್ರ ಬಣ್ಣದಲ್ಲಿ, ಮೈಗೆ ನಾಲ್ಕು ಪಟ್ಟೆ. ಹೋಪಿ ಮನೆಗಳಲ್ಲಿ ಹಸುಗೂಸಿಗೆ ಮೊದಲು ಬರುವುದು ಇದೇ, ಹೆಚ್ಚಾಗಿ ಹಹೈ-ವುಹ್ತಿ ಎಂಬ ತಾಯಿಯ ರೂಪ. ನಾನು ಕಂಡ ಹಾಗೆ ನೂರು ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಯ ನಡುವೆ ಇಟ್ಟರೂ ಮುರಿಯುವುದಿಲ್ಲ. ಅಮ್ಮನಿಗೆ ಅಂತ ಫೋನ್ ಮಾಡುವ ಹುಡುಗರಿಗೆ ನಾನು ಹೇಳುವುದು ಇದನ್ನೇ.

ಎರಡನೆಯದು ಹಳೆ ರೀತಿಯ ಗೊಂಬೆ. ದುಂಡನೆಯ ಬೇರಿನ ಆಕಾರ ಹಾಗೇ ಉಳಿದಿರುತ್ತದೆ. ಎರಡೂ ಕೈ ಹೊಟ್ಟೆಗೆ ಆನಿಸಿ, ಕಾಲು ಗಿಡ್ಡ, ತಲೆ ಮೈಗಿಂತ ದೊಡ್ಡದು. ನಿಲ್ಲಿಸಲು ಪೀಠ ಇರುವುದಿಲ್ಲ, ಕತ್ತಿಗೆ ದಾರ ಇರುತ್ತದೆ, ತೂಗುಹಾಕುವುದಕ್ಕೆ. ಬಣ್ಣ ಮಣ್ಣಿನದು: ಮೊದಲು ಬಿಳಿ ಜೇಡಿಯ ಲೇಪ, ಅದರ ಮೇಲೆ ಕಾವಿಕಲ್ಲಿನ ಕೆಂಪು, ಹಳದಿ ಮಣ್ಣು, ಮಸಿಯ ಕಪ್ಪು, ತಾಮ್ರದ ಅದಿರಿನಿಂದ ಬರುವ ನೀಲಿಹಸಿರು. ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಬಿಳಿ ಲೇಪ ಕೊಟ್ಟು ಆಮೇಲೆ ಬಣ್ಣ ಎತ್ತುವುದನ್ನು ಕಂಡವರಿಗೆ ಈ ಕ್ರಮ ತಕ್ಷಣ ಗೊತ್ತಾಗುತ್ತದೆ. ಆದರೆ ಕಿನ್ನಾಳದ ಕೆಲಸ ಕೊನೆಗೆ ಫಳಫಳ ಹೊಳೆಯುತ್ತದೆ, ಇದು ಸುಣ್ಣದ ಗೋಡೆಯ ಹಾಗೆ ಮಂಕು.

ಮೂರನೆಯದು ಕುಣಿತದ ಭಂಗಿಯದು. ಒಂದು ಕಾಲು ಎತ್ತಿ, ಸೊಂಟ ಬಳುಕಿಸಿ, ಕೈಯಲ್ಲಿ ಗಿಲಕಿ ಹಿಡಿದು ಪೀಠದ ಮೇಲೆ ನಿಂತಿರುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಹೊರಗಿನ ಗಿರಾಕಿಗಳು ಹೆಚ್ಚಿದಂತೆಲ್ಲ ಬೆಳೆದ ಬಗೆ. 1882ರಲ್ಲಿ ಫ್ಲ್ಯಾಗ್‌ಸ್ಟಾಫಿಗೆ ರೈಲು ಬಂತು, ರೈಲಿನ ಹಿಂದೆ ಪ್ರವಾಸಿಗರು ಬಂದರು. ಗೋಡೆಗೆ ತೂಗುವ ಗೊಂಬೆ ಅವರ ಮನೆಯ ಮೇಜಿನ ಮೇಲೆ ನಿಲ್ಲಬೇಕಾಯಿತು, ಹಾಗಾಗಿ ಪೀಠ ಬಂತು. ಬಣ್ಣ ಪೋಸ್ಟರ್ ಪೇಂಟಿಗೆ, ಆಮೇಲೆ ಅಕ್ರಿಲಿಕ್ಕಿಗೆ ತಿರುಗಿತು. ಈಗಿನ ನುರಿತ ಕೈಗಳು ಇಡೀ ಆಕೃತಿಯನ್ನು ಒಂದೇ ಬೇರಿನಲ್ಲಿ ತೆಗೆಯುತ್ತವೆ. ಗರಿಯ ಒಂದೊಂದು ಎಳೆಯನ್ನೂ ಕಾದ ಮೊನೆಯಲ್ಲಿ ಸುಟ್ಟು ಗೀರುತ್ತಾರೆ, ಲಂಗೋಟಿಯ ನೇಯ್ಗೆಯ ಎಣಿಕೆ ಕೂಡ ಕಾಣುತ್ತದೆ. ಇಂಥದಕ್ಕೆ ಸಾವಿರಗಟ್ಟಲೆ ಡಾಲರ್. ಸಾಧಾರಣ ಕೆಲಸವಾದರೆ ಕೆಲವು ನೂರು.

ನಾಲ್ಕನೆಯದು ಶಿಲ್ಪ. ಬೇರಿನ ತಿರುವನ್ನೇ ಮೈಯಾಗಿಟ್ಟುಕೊಂಡು ಮೇಲೆ ಒಂದೋ ಎರಡೋ ಮುಖ ಅರಳಿಸಿರುತ್ತಾರೆ. ಕಲಾ ಗ್ಯಾಲರಿಯ ಮಾಲು ಅದು. ಇಷ್ಟವಾದರೆ ಕೊಳ್ಳಿ, ಅದಕ್ಕೆ ನನ್ನ ಸಲಹೆ ಬೇಡ.

ಅಡುಗೆಮನೆ ಮೇಜಿನ ಮೇಲೆ ಎರಡು

ಗಟ್ಟಿ ಪೈಪೋಟಿ ಇರುವುದು ಎರಡನೆಯದಕ್ಕೂ ಮೂರನೆಯದಕ್ಕೂ. ಎರಡನೇ ಮೆಸಾದ ಒಬ್ಬ ಕೆತ್ತನೆಗಾರರ ಮನೆಯಲ್ಲಿ ನನಗೆ ಇದು ಕಣ್ಣಿಗೆ ಕಟ್ಟಿತು. ರಸ್ತೆ ಬದಿ ಕೈಬರಹದ ಬೋರ್ಡು ಇತ್ತು, ಬಾಗಿಲು ತಟ್ಟಿದೆವು. ಒಲೆಯ ಮೇಲೆ ಏನೋ ಬೇಯುತ್ತಿತ್ತು. ಅವರು ಪ್ಲಾಸ್ಟಿಕ್ ಹೊದಿಕೆಯ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ ಎರಡು ಗೊಂಬೆ ತಂದಿಟ್ಟರು. ಎರಡೂ ಕೊಯೆಮ್ಸಿ, ಅಂದರೆ ಕೆಮ್ಮಣ್ಣಿನ ಬಣ್ಣದ, ತಲೆಯ ಮೇಲೆ ಗೆಡ್ಡೆಗಳಂಥ ಉಬ್ಬುಗಳಿರುವ ಕಟ್ಸಿನಾ. ಒಂದು ಏಳಿಂಚಿನ ಹಳೆ ರೀತಿಯದು. ಇನ್ನೊಂದು ಹತ್ತಿಂಚು, ಡೋಲು ಬಾರಿಸುತ್ತ ಮುಂದಕ್ಕೆ ಬಾಗಿದ್ದು.

ಕುಣಿತದ್ದನ್ನು ಮೊದಲು ಎತ್ತಿಕೊಂಡೆ. ಬೆರಳಿನ ಗೆಣ್ಣು, ಡೋಲಿನ ತೊಗಲಿನ ಸುಕ್ಕು, ಹಿಮ್ಮಡಿಯ ಬಿರುಕು, ನೋಡಿದಷ್ಟೂ ಮುಗಿಯದು. ಆಮೇಲೆ ಚಿಕ್ಕದನ್ನು ಹಿಡಿದೆ. ಭಾರವೇ ಇಲ್ಲ! ಒಣಗಿದ ಹೀರೇಕಾಯಿ ಹಿಡಿದಂತಾಯಿತು. ಕಾಟನ್‌ವುಡ್ ಬೇರು ಅಷ್ಟು ಹಗುರ, ನೀರು ಹುಡುಕುತ್ತ ಹೋಗುವ ಮರದ ಬೇರು ಅನ್ನುವುದೂ ಅವರಿಗೆ ಮುಖ್ಯ. ಹಗುರವಾದರೂ ನಾರು ಒಡೆಯದೆ ಚಾಕುವಿಗೆ ಒದಗುತ್ತದೆ. ಕೆಳಗಿಟ್ಟ ಮೇಲೆ ನೋಡಿದರೆ ಹೆಬ್ಬೆರಳಿಗೆ ತೆಳುವಾಗಿ ಕೆಮ್ಮಣ್ಣು ಹತ್ತಿತ್ತು. ‘ಹಿಡಿದರೆ ಹತ್ತುತ್ತೆ, ಅದಕ್ಕೇ ಗೋಡೆ ಮೇಲೆ ಇರಬೇಕು’ ಅಂದರು ಅವರು. ಎರಡರ ಬೆಲೆಯಲ್ಲಿ ಮೂರು ಪಟ್ಟು ವ್ಯತ್ಯಾಸ. ‘ನಿಮ್ಮ ಮಗಳಿಗೆ ಕೊಡೋದಾದರೆ ಯಾವುದು ಮಾಡ್ತೀರಿ?’ ಅಂತ ಕೇಳಿದೆ. ಬಾಯಿಬಿಡದೆ ಚಿಕ್ಕದರ ಕಡೆ ಗದ್ದ ಎತ್ತಿದರು.

ನಾನು ಚಿಕ್ಕದನ್ನೇ ತಂದೆ, ಅದರಲ್ಲಿ ಜೇಬಿನ ಲೆಕ್ಕವೂ ಇತ್ತು ಅನ್ನಿ. ಆದರೆ ಇವತ್ತು ದುಡ್ಡಿದ್ದರೂ ಅದನ್ನೇ ತರುತ್ತೇನೆ. ಕುಣಿತದ ಗೊಂಬೆ ಮೊದಲ ನೋಟಕ್ಕೇ ತನ್ನ ಚಾತುರ್ಯವನ್ನೆಲ್ಲ ಹೊರಗೆ ಹಾಕಿಬಿಡುತ್ತದೆ. ಹಳೆ ರೀತಿಯದರಲ್ಲಿ ಮೂಗು ಒಂದು ಉಬ್ಬು, ಕಣ್ಣು ಎರಡು ಗೀಟು. ಹೋಪಿಗಳಿಗೆ ಹಳದಿ ವಾಯವ್ಯದ ಬಣ್ಣ, ನೀಲಿಹಸಿರು ನೈಋತ್ಯದ್ದು, ಕೆಂಪು ಆಗ್ನೇಯ, ಬಿಳಿ ಈಶಾನ್ಯ. ಅದು ಗೊತ್ತಾದ ಮೇಲೆ ಮುಖದ ಬಣ್ಣ ಒಂದು ದಿಕ್ಕಾಗಿ ಕಾಣಲು ಶುರುವಾಗುತ್ತದೆ. ಹಳೆಯ ಈ ರೀತಿ ನಡುವೆ ಬಹುಮಟ್ಟಿಗೆ ಮರೆಯಾಗಿತ್ತು. 1970ರ ದಶಕದಲ್ಲಿ ಹೋಪಿ ಕೆತ್ತನೆಗಾರ ಮ್ಯಾನ್‌ಫ್ರೆಡ್ ಸುಸುಂಕೇವಾ ಮಣ್ಣಿನ ಬಣ್ಣಕ್ಕೆ, ಸರಳ ಕೆತ್ತನೆಗೆ ಹಿಂತಿರುಗಿದರು, ಆಮೇಲೆ ಅನೇಕರು ಆ ದಾರಿ ಹಿಡಿದರು. ಹಾಗಾಗಿ ‘ಹಳೆ ರೀತಿ’ ಅಂದರೆ ಹಳೆಯ ಗೊಂಬೆ ಅಂತಲ್ಲ. ಕಳೆದ ವಾರ ಮಾಡಿದ್ದೂ ಹಳೆ ರೀತಿಯದಾಗಿರಬಹುದು. ಇದನ್ನೇ ‘ಆ್ಯಂಟಿಕ್’ ಅಂತ ಮಾರುವವರೂ ಇದ್ದಾರೆ, ಜೋಕೆ.

ಹಾಗಂತ ಎಲ್ಲರಿಗೂ ಹಳೆ ರೀತಿಯೇ ಹೊಂದುವುದಿಲ್ಲ. ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ಮಗುವಿದ್ದರೆ ಮಣ್ಣಿನ ಬಣ್ಣ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ. ಅಕ್ರಿಲಿಕ್ ತಡೆದುಕೊಳ್ಳುತ್ತದೆ. ಅದೇ ಮಗು ಕುಣಿತದ ಗೊಂಬೆಯ ಎತ್ತಿದ ಕಾಲನ್ನು ಮುರಿಯುತ್ತದೆ ಅನ್ನುವುದು ಬೇರೆ ಮಾತು. ಅಂಥ ಮನೆಗೆ ಚಪ್ಪಟೆ ಗೊಂಬೆಯೇ ಸರಿ.

ಯಾರು ಕೆತ್ತಿದ್ದು?

ರೂಪಕ್ಕಿಂತ ದೊಡ್ಡ ಪ್ರಶ್ನೆ ಇದು. ಅಂಗಡಿಯ ಒಂದೇ ಕಪಾಟಿನಲ್ಲಿ ನಾಲ್ಕು ಕಡೆಯ ಮಾಲು ಒಟ್ಟಿಗೆ ಕೂತಿರುತ್ತದೆ.

ಹೋಪಿಯದನ್ನು ಕಾಟನ್‌ವುಡ್ ಬೇರಿನಲ್ಲಿ ಕೆತ್ತಿರುತ್ತಾರೆ, ಬಣ್ಣವೇ ಬಟ್ಟೆ. ಪೀಠದ ಬುಡದಲ್ಲಿ ಕೆತ್ತಿದವರ ಹೆಸರು, ಕಟ್ಸಿನಾದ ಹೆಸರು, ಕೆಲವೊಮ್ಮೆ ಕುಲದ ಗುರುತು ಇರುತ್ತದೆ. ಹಳೆ ರೀತಿಯದಾದರೆ ಅಂಗಾಲು ನೋಡಿ, ಅಲ್ಲಿ ಎರಡಕ್ಷರ ಇರಬಹುದು, ಇಲ್ಲದೆಯೂ ಇರಬಹುದು. ಹಿಂದೆ ಹೆಸರು ಹಾಕುವ ವಾಡಿಕೆಯೇ ಇರಲಿಲ್ಲ. ಫ್ಲ್ಯಾಗ್‌ಸ್ಟಾಫಿನ ಮ್ಯೂಸಿಯಂ ಆಫ್ ನಾರ್ದರ್ನ್ ಅರಿಜೋನಾದಲ್ಲಿ ಕೆಲಸಕ್ಕಿದ್ದ ಜಿಮ್ಮಿ ಕೆವಾನ್ವಿಟೆವಾ ‘ಜೆಕೆ’ ಅಂತ ಬರೆಯತೊಡಗಿದ ಮೊದಲಿಗರಲ್ಲಿ ಒಬ್ಬರು. ಹೆಸರಿಲ್ಲದ ಮಾತ್ರಕ್ಕೆ ಖೋಟಾ ಅಲ್ಲ, ಆದರೆ ಹೆಸರಿಲ್ಲದಿದ್ದರೆ ಅಂಗಡಿಯವರು ಬಾಯಲ್ಲಾದರೂ ಹೇಳಬೇಕು, ಬಿಲ್ಲಿನ ಮೇಲೆ ಬರೆದುಕೊಡಬೇಕು.

ನ್ಯೂ ಮೆಕ್ಸಿಕೋದ ಝುನಿ ಬುಡಕಟ್ಟಿನವರಲ್ಲೂ ಇಂಥ ಗೊಂಬೆಗಳಿವೆ. ಸಪೂರ, ಎತ್ತರ, ಬೇರೆಯಾಗಿ ಜೋಡಿಸಿದ ಕೈಗಳು, ಮೈಮೇಲೆ ನಿಜವಾದ ಬಟ್ಟೆ. ಮಾರಾಟಕ್ಕೆ ಕಾಣುವುದು ಅಪರೂಪ, ಸಾಮಾನ್ಯ ಗಿರಾಕಿಗೆ ಈ ಆಯ್ಕೆ ಇಲ್ಲವೆಂದೇ ಇಟ್ಟುಕೊಳ್ಳಿ.

ತುಪ್ಪಳ, ತೊಗಲು, ಬಣ್ಣದ ಗರಿ, ಮಣಿಸರ ಎಲ್ಲ ಅಂಟಿಸಿಕೊಂಡು ಝಗಮಗಿಸುವುದು ಬಹುಪಾಲು ನವಾಹೊ ಕೈಯದು. ನವಾಹೊಗಳ ಆಚರಣೆಯಲ್ಲಿ ಕಟ್ಸಿನಾ ಇಲ್ಲ, ಅವರು ಮಾಡುವುದು ಪೇಟೆಗಾಗಿ. ಹೋಪಿಗಳಿಗೆ ಇದರ ಮೇಲೆ ಸಿಟ್ಟಿದೆ, ಯಾಕಿರಬಾರದು? ಇನ್ನೊಂದು ಕಡೆಯಿಂದ ನೋಡಿದರೆ ಹೊಟ್ಟೆಪಾಡಿಗೆ ಕೈಕೆಲಸ ಮಾಡುವ ಸಂಸಾರಗಳು ಅವೂ. ನನ್ನ ಲೆಕ್ಕ ಸರಳ: ನವಾಹೊಗಳ ಹತ್ತಿರ ಅವರ ಜಮಖಾನೆ ಕೊಳ್ಳಿ, ಬೆಳ್ಳಿ ಕೊಳ್ಳಿ, ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ಕಟ್ಸಿನಾ ಹೋಪಿಗಳ ಹತ್ತಿರ ಕೊಳ್ಳಿ. ನಾನು ಅರವತ್ತು ಡಾಲರಿಗೆ ತಂದದ್ದು ನವಾಹೊ ಕೈಯದಾಗಿದ್ದರೂ ಅಷ್ಟು ಬೇಸರವಾಗುತ್ತಿರಲಿಲ್ಲ. ಅದು ಯಾರ ಕೈಯದೂ ಅಲ್ಲ, ನಾಲ್ಕನೆಯ ಗುಂಪಿನದು, ಎಲ್ಲೋ ಕಾರ್ಖಾನೆಯಲ್ಲಿ ಒಟ್ಟಿಗೆ ಆದದ್ದು.

ಈ ನಾಲ್ಕನೆಯದಕ್ಕೆ ಕಾನೂನಿನ ತಡೆ ಇದೆ. 1990ರ ಇಂಡಿಯನ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಕಾಯ್ದೆಯ ಪ್ರಕಾರ, 1935ರ ನಂತರ ಮಾಡಿದ ವಸ್ತುವನ್ನು ಮೂಲನಿವಾಸಿಗಳು ಮಾಡದೆಯೇ ಅವರು ಮಾಡಿದ್ದೆಂದು ಹೇಳಿ ಮಾರಿದರೆ ಮೊದಲ ಸಲಕ್ಕೇ 2,50,000 ಡಾಲರ್ ತನಕ ದಂಡ, 5 ವರ್ಷದ ತನಕ ಜೈಲು, ಅಥವಾ ಎರಡೂ. ಹಾಗಾಗಿ ಜಾಣ ವ್ಯಾಪಾರಿಗಳು ಸುಳ್ಳು ಬರೆಯುವುದಿಲ್ಲ, ‘ಇಂಡಿಯನ್ ಸ್ಟೈಲ್’, ‘ನೇಟಿವ್ ಇನ್‌ಸ್ಪೈರ್ಡ್’ ಅಂತ ನುಣುಚಿಕೊಳ್ಳುತ್ತಾರೆ. ‘ಇಂಡಿಯನ್ ಮೇಡ್’ ಎಂಬ ಚೀಟಿ ಕಂಡು ನಮ್ಮ ಮಾವನವರು ‘ಇದು ನಮ್ಮ ಚನ್ನಪಟ್ಟಣದ್ದೇನು?’ ಅಂತ ಕೇಳಿದ್ದರು. ನಗು ಬಂತು, ಆದರೆ ಆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ನಿಜಕ್ಕೂ ಅದೇ. ‘ಇದನ್ನು ಮಾಡಿದವರ ಹೆಸರೇನು, ಯಾವ ಬುಡಕಟ್ಟು, ಯಾವ ಊರು?’ ಮೂರಕ್ಕೂ ಉತ್ತರ ಬರದಿದ್ದರೆ ಹೊರಟುಬಿಡಿ.

ಯಾವ ಕಟ್ಸಿನಾ?

ಇನ್ನೂರಕ್ಕೂ ಮಿಕ್ಕಿ ಇವೆ. ಕಾಗೆಯ ರೆಕ್ಕೆಗಳನ್ನು ತಲೆಗೆ ಧರಿಸಿದ ಅಂಗ್ವುಸ್ನಾಸೊಮ್ತಕಾ, ಮಕ್ಕಳನ್ನು ಹೆದರಿಸುವ ಹಲ್ಲುಗಿರಿಯುವ ಸೊಯೊಕೊಗಳು, ಸೂರ್ಯನ ತವಾ, ಕಪ್ಪುಬಿಳಿ ಪಟ್ಟೆಯ, ಕಲ್ಲಂಗಡಿ ತಿನ್ನುವ ಕೋಡಂಗಿ. ಪೇಟೆಯಲ್ಲಿ ಕೋಡಂಗಿಗೂ ಹದ್ದಿಗೂ ಯಾವಾಗಲೂ ಗಿರಾಕಿ ಹೆಚ್ಚು. ಅಂಗಡಿಯವರು ‘ಇದು ಅದೃಷ್ಟ ತರುತ್ತೆ, ಇದು ಆರೋಗ್ಯ ಕೊಡುತ್ತೆ’ ಅಂತ ರಾಶಿಕಲ್ಲು ಮಾರಿದ ಹಾಗೆ ಮಾರಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾವಿನ ಕುಣಿತದವರು, ಕಾಡೆಮ್ಮೆ ಕುಣಿತದವರು ಕಟ್ಸಿನಾಗಳೇ ಅಲ್ಲ, ಆದರೂ ಅದೇ ಸಾಲಿನಲ್ಲಿ ಇಟ್ಟಿರುತ್ತಾರೆ.

ಓರೈಬಿಯ ಮುಖಂಡರಾಗಿದ್ದ ವಿಲ್ಸನ್ ತವಾಕ್ವಾಪ್ಟೆವಾ ಪ್ರವಾಸಿಗರಿಗೆ ಗೊಂಬೆ ಮಾರುತ್ತಿದ್ದರು. ಬೇಕೆಂದೇ ಒಂದರ ಕಿವಿ, ಇನ್ನೊಂದರ ಮೂತಿ, ಮತ್ತೊಂದರ ಬಣ್ಣ ಬೆರೆಸಿ, ಯಾವ ಕಟ್ಸಿನಾಕ್ಕೂ ಸೇರದ ಗೊಂಬೆ ಮಾಡಿಕೊಡುತ್ತಿದ್ದರು. ದುಡ್ಡೂ ಬಂತು, ಪವಿತ್ರವಾದದ್ದು ಮನೆಯಲ್ಲೇ ಉಳಿಯಿತು! ಈಗ ಅವರ ಆ ಬೆರಕೆ ಗೊಂಬೆಗಳಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ.

ನಿಮಗೆ ಯಾವುದು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಕೆತ್ತಿದವರನ್ನು ‘ಇದು ಯಾವಾಗ ಬರುತ್ತದೆ, ಏನು ತರುತ್ತದೆ?’ ಅಂತ ಕೇಳಿ. ಅವರು ಹೇಳುವಷ್ಟನ್ನು ಕೇಳಿಕೊಳ್ಳಿ, ಕೆದಕಬೇಡಿ. ಹೋಪಿಗಳು ಹೊರಗಿನವರ ಜೊತೆ ಮಾತಾಡದ ಸಂಗತಿಗಳಿವೆ. ಜೊತೆಗೆ ಮಕ್ಕಳು ನಿಂತಿದ್ದರಂತೂ ಕುಣಿತದ ಒಳಗುಟ್ಟಿನ ಮಾತೇ ಬೇಡ.

ಹಳೆಯದು ಬೇಕೆನ್ನುವವರಿಗೆ

ನೂರು ವರ್ಷದ ಗೊಂಬೆಯ ಮೋಹ ಕೆಲವರಿಗೆ. ಹರ್ಡ್ ಮ್ಯೂಸಿಯಮ್ಮಿಗೆ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ 1964ರಲ್ಲಿ ತಮ್ಮ 437 ಗೊಂಬೆಗಳನ್ನು ಕೊಟ್ಟರು. ಹಳೆಯದನ್ನು ಕಣ್ತುಂಬ ನೋಡಲು ಅಲ್ಲಿಗೆ ಹೋಗಿ. ಕೊಳ್ಳುವುದಾದರೆ ಎರಡು ತೊಡಕು.

ಒಂದು, ಗರಿ. ಹಳೆ ಗೊಂಬೆಗಳಲ್ಲಿ ಹದ್ದು, ಗಿಡುಗಗಳ ನಿಜವಾದ ಗರಿ ಇರುತ್ತಿತ್ತು. ಅಮೆರಿಕದ ಕಾನೂನಿನಲ್ಲಿ ಹದ್ದಿನ ಗರಿಯನ್ನು, ಎಷ್ಟೇ ಹಳೆಯದಿರಲಿ, ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬಹುಪಾಲು ಕಾಡುಹಕ್ಕಿಗಳ ಗರಿಗೂ 1918ರ ವಲಸೆ ಹಕ್ಕಿ ಕಾಯ್ದೆಯ ತಡೆ ಇದೆ. ಅದಕ್ಕೇ ಈಗಿನ ಕೆತ್ತನೆಗಾರರು ಗರಿಯನ್ನೂ ಮರದಲ್ಲೇ ಕೆತ್ತುತ್ತಾರೆ, ಇಲ್ಲವೇ ಕೋಳಿಯ ಗರಿ ಸಿಕ್ಕಿಸುತ್ತಾರೆ. ಇಂಡಿಯಾಕ್ಕೆ ಒಯ್ಯುವವರು ಗರಿ ಇರುವ ಯಾವುದನ್ನೂ ಕೊಳ್ಳದಿರುವುದು ಲೇಸು. ಏರ್‌ಪೋರ್ಟಿನಲ್ಲಿ ‘ಇದು ಕೋಳಿದು ಸಾರ್’ ಅಂತ ಸಾಬೀತು ಮಾಡುವ ಪಾಡು ಯಾರಿಗೂ ಬೇಡ.

ಎರಡು, ಮುಖವಾಡ. ಗೊಂಬೆ ಬೇರೆ, ಕುಣಿತದಲ್ಲಿ ಧರಿಸುವುದು ಬೇರೆ. ಅವು ಹೋಪಿಗಳಿಗೆ ಜೀವವಿರುವ ‘ಗೆಳೆಯರು’, ಮಾರುವ ಹಕ್ಕು ಯಾರಿಗೂ ಇಲ್ಲ. 2013ರ ಏಪ್ರಿಲ್‌ನಲ್ಲಿ ಪ್ಯಾರಿಸಿನಲ್ಲಿ ಹೋಪಿಗಳ ವಿರೋಧವನ್ನು ಲೆಕ್ಕಿಸದೆ ಅಂಥ ಸುಮಾರು 70 ವಸ್ತುಗಳನ್ನು ಹರಾಜು ಹಾಕಿದರು, ಕೋರ್ಟು ತಡೆಯಲಿಲ್ಲ. ಅದೇ ಡಿಸೆಂಬರಿನ ಇನ್ನೊಂದು ಹರಾಜಿನಲ್ಲಿ ಆ್ಯನನ್‌ಬರ್ಗ್ ಪ್ರತಿಷ್ಠಾನ ಸದ್ದಿಲ್ಲದೆ ಕೂಗಿ, 5,30,000 ಡಾಲರ್ ಕೊಟ್ಟು 24 ವಸ್ತುಗಳನ್ನು ಬಿಡಿಸಿತು. 21 ಹೋಪಿಗಳಿಗೆ, 3 ಸ್ಯಾನ್ ಕಾರ್ಲೋಸ್ ಅಪಾಚಿ ಬುಡಕಟ್ಟಿನವರಿಗೆ ಮರಳಿದವು. ಯಾರಾದರೂ ನಿಮಗೆ ‘ಒರಿಜಿನಲ್ ಮಾಸ್ಕ್’ ತೋರಿಸಿದರೆ ಬೆಲೆ ಕೂಡ ಕೇಳಬೇಡಿ.

ಎಲ್ಲಿ ಕೊಳ್ಳುವುದು

ಸಮಯವಿದ್ದರೆ ಮೆಸಾಗಳಿಗೇ ಹೋಗಿ. ಫ್ಲ್ಯಾಗ್‌ಸ್ಟಾಫಿನಿಂದ ಎರಡು ಗಂಟೆಯ ದಾರಿ, ಊರುಗಳು 264ನೇ ನಂಬರಿನ ರಸ್ತೆಯ ಉದ್ದಕ್ಕೂ ಇವೆ. ಎರಡನೇ ಮೆಸಾದಲ್ಲಿ ಹೋಪಿ ಕಲ್ಚರಲ್ ಸೆಂಟರ್ ಇದೆ, ಊಟ, ತಂಗುವ ಕೋಣೆ, ಸಣ್ಣ ಮ್ಯೂಸಿಯಂ. ಬೇಸಿಗೆಯಲ್ಲಿ ಹೋಗುವವರಿಗೆ ಒಂದು ಕಿವಿಮಾತು: ನವಾಹೊ ಸೀಮೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಹೋಪಿಗಳೂ ಉಳಿದ ಅರಿಜೋನಾವೂ ಇಡುವುದಿಲ್ಲ. ದಾರಿಯಲ್ಲಿ ಫೋನಿನ ಗಡಿಯಾರ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ನಾವು ಒಮ್ಮೆ ಒಂದು ಗಂಟೆ ಬೇಗ ಹೋಗಿ ಮುಚ್ಚಿದ ಬಾಗಿಲ ಮುಂದೆ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತಿದ್ದೆವು. ಊರೊಳಗೆ ಫೋಟೋ, ವಿಡಿಯೋ, ಸ್ಕೆಚ್ ಯಾವುದೂ ಕೂಡದು, ಫೋನು ಕಾರಿನಲ್ಲೇ ಇರಲಿ. ಕುಣಿತ ನೋಡಲು ಬಿಡುತ್ತಾರೋ ಇಲ್ಲವೋ ಆಯಾ ಊರಿಗೆ ಬಿಟ್ಟದ್ದು. 1992ರಲ್ಲಿ ಒಂದು ಕಾಮಿಕ್ ಪುಸ್ತಕ ಕಟ್ಸಿನಾಗಳನ್ನು ಅಪಹಾಸ್ಯವಾಗಿ ತೋರಿಸಿದ ಮೇಲೆ ಹಲವು ಕುಣಿತಗಳು ಹೊರಗಿನವರಿಗೆ ಮುಚ್ಚಿದವು.

ಮನೆಯಲ್ಲಿ ಕೊಂಡರೆ ನಗದು ಒಯ್ಯಿರಿ. ಚೌಕಾಸಿ ಬೇಡ. ಬೇರು ಸಿಗುವುದೇ ಈಗ ಕಷ್ಟ, ಎಷ್ಟೋ ಕೆತ್ತನೆಗಾರರು ಅದನ್ನೂ ದುಡ್ಡು ಕೊಟ್ಟು ತರಿಸಬೇಕು. ಚಿಕ್ಕಪೇಟೆಯ ವಿದ್ಯೆಯನ್ನು ಅಲ್ಲಿ ಪ್ರಯೋಗಿಸಿದರೆ ಗೊಂಬೆ ಮೆಲ್ಲಗೆ ಪತ್ರಿಕೆಯೊಳಗೆ ವಾಪಸು ಹೋಗುತ್ತದೆ.

ಅಷ್ಟು ದೂರ ಆಗದವರಿಗೆ ಹರ್ಡ್ ಮತ್ತು ಫ್ಲ್ಯಾಗ್‌ಸ್ಟಾಫ್ ಮ್ಯೂಸಿಯಮ್ಮುಗಳ ಅಂಗಡಿಗಳಿವೆ. ಬೆಲೆ ತುಸು ಮೇಲೆ, ಆದರೆ ಹೆಸರು, ಊರು ಬರೆದುಕೊಡುತ್ತಾರೆ. ಮಾರ್ಚಿನಲ್ಲಿ ಹರ್ಡ್‌ನ ಸಂತೆ ನಡೆಯುತ್ತದೆ, ಕೆತ್ತಿದವರೇ ಮಳಿಗೆಯಲ್ಲಿ ಕೂತಿರುತ್ತಾರೆ. ಆನ್‌ಲೈನ್ ಹರಾಜು ಹೊಸಬರಿಗೆ ಬೇಡವೇ ಬೇಡ. ಚಿತ್ರದಲ್ಲಿ ತೂಕ ಕಾಣುವುದಿಲ್ಲ, ಬೆರಳಿಗೆ ಬಣ್ಣ ಹತ್ತುವುದಿಲ್ಲ, ಬುಡದ ಫೋಟೋ ಹಾಕುವವರು ಕಡಿಮೆ.

ಮನೆಗೆ ತಂದ ಮೇಲೆ

ನವರಾತ್ರಿಗೆ ಗೊಂಬೆ ಕೂರಿಸುವವರು ಪ್ರವಾಸದಲ್ಲಿ ತಂದದ್ದನ್ನೆಲ್ಲ ಮೆಟ್ಟಿಲಿಗೆ ಏರಿಸುತ್ತಾರೆ, ನಾನೂ ಒಂದು ವರ್ಷ ಇಟ್ಟೆ. ಆಮೇಲೆ ಇಡಲಿಲ್ಲ. ಆರತಿ, ಕುಂಕುಮದ ನಡುವೆ ಅದು ಬೇರೆ ಯಾರದೋ ಮನೆಯ ಮಗುವನ್ನು ತಂದು ಕೂರಿಸಿದಂತಿತ್ತು. ಅದಕ್ಕೆ ಗೋಡೆಯೇ ಸರಿ, ಬಿಸಿಲು ನೇರ ಬೀಳದ ಕಡೆ, ಒಲೆಯ ಒಗ್ಗರಣೆಯ ಜಿಡ್ಡು ತಾಗದ ಕಡೆ.

ಮಣ್ಣಿನ ಬಣ್ಣದ್ದಕ್ಕೆ ನೀರು ಸೋಕಿಸಬಾರದು. ಇದನ್ನು ಮನೆಮಂದಿಗೆಲ್ಲ ಹೇಳಿಡಿ. ನಾನು ಹೇಳಿರಲಿಲ್ಲ. ನಮ್ಮತ್ತೆ ಮೈಸೂರಿನಿಂದ ಬಂದ ವಾರದೊಳಗೆ, ನಾನು ಆಫೀಸಿನಿಂದ ಬರುವಷ್ಟರಲ್ಲಿ, ಮನೆಯೆಲ್ಲ ಝಾಡಿಸಿ ಕೊಯೆಮ್ಸಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದರು. ‘ಎಷ್ಟು ಮಣ್ಣು ಮೆತ್ತಿತ್ತು ನೋಡಮ್ಮ, ಎರಡು ಸಲ ಹಿಂಡಿದೆ’ ಅಂದರು. ಬಕೆಟ್ಟಿನ ನೀರು ಕೆಂಪಗಿತ್ತು. ಬಲಗೆನ್ನೆಯಲ್ಲಿ ಕೆಮ್ಮಣ್ಣು ಹೋಗಿ ಕೆಳಗಿನ ಬೇರಿನ ಬಣ್ಣ ಕಾಣುತ್ತಿತ್ತು. ಮುಂದಿನ ಸಲ ಹೋದಾಗ ಕೆತ್ತಿದವರಿಗೆ ಹೇಳಿದೆ. ಮೇಲೆ ಎಣ್ಣೆ, ವಾರ್ನಿಷ್ ಏನೂ ಬಳಿಯಬೇಡಿ, ತಂದರೆ ಮಣ್ಣು ಹಚ್ಚಿಕೊಡುತ್ತೇನೆ ಅಂದರು. ಇನ್ನೂ ಒಯ್ದಿಲ್ಲ. ಗೋಡೆಯಲ್ಲಿ ಅದರ ಪಕ್ಕಕ್ಕೇ ಇನ್ನೊಂದು ಮೊಳೆ ಹೊಡೆದು ಮೆತ್ತನೆಯ ಒಣ ಬ್ರಶ್ಶೊಂದನ್ನು ತೂಗುಹಾಕಿದ್ದೇನೆ. ಅತ್ತೆ ಈಗ ಬಂದಾಗಲೆಲ್ಲ ಅದರಲ್ಲೇ ಧೂಳು ಕೊಡವುತ್ತಾರೆ.